ಗುಡುಗಿಗೆ ಹೆದರುವ ಮಗು

ವೈಶಾಖದ ಮಧ್ಯಾಹ್ನ. ಮೂರು ಗಂಟೆಯ ಸುಮಾರಿಗೆ ದಿಗಂತದಲ್ಲಿ ಹೂಕೋಸಿನಂತೆ ಉಬ್ಬಿದ ಮೋಡಗಳು ಮೇಲೇಳುತ್ತವೆ. ಮೈಸೂರು, ಬೆಂಗಳೂರಿನ ಕಡೆಯವರಿಗೆ ಏಪ್ರಿಲ್, ಮೇ ತಿಂಗಳುಗಳ ಈ ನೋಟ ಚಿರಪರಿಚಿತ. ಇನ್ನೂ ಒಂದು ಹನಿ ಬಿದ್ದಿಲ್ಲ, ಒಂದು ಗುಡುಗೂ ಕೇಳಿಲ್ಲ. ಆದರೂ ಮನೆಯ ಆರು ವರ್ಷದ ಮಗು ಆಟ ಬಿಟ್ಟು ಒಳಗೆ ಬಂದು, "ಅಮ್ಮಾ, ಇವತ್ತು ಗುಡುಗು ಬರುತ್ತಾ?" ಎಂದು ಹತ್ತು ಸಲ ಕೇಳುತ್ತದೆ. ನಮ್ಮ ಓದುಗರಲ್ಲಿ ಅನೇಕರಿಗೆ ಇಂತಹ ತಮ್ಮನೋ ತಂಗಿಯೋ ಇರಬಹುದು.

ಗುಡುಗಿದಾಗ ಬೆಚ್ಚಿಬೀಳುವುದು ಭಯ. ಗುಡುಗೀತೆಂದು ಗಂಟೆಗಟ್ಟಲೆ ಮೊದಲೇ ಕಳವಳಪಡುವುದು ಆತಂಕ. ಮೊದಲನೆಯದು ಹುಟ್ಟಿನಿಂದ ಬಂದುದು. ಹಠಾತ್ತಾಗಿ ದೊಡ್ಡ ಶಬ್ದವಾದರೆ ಎಳೆಯ ಕೂಸೂ ಬೆಚ್ಚುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಓಡುವುದಕ್ಕೆ ದೇಹ ಸಿದ್ಧವಾಗುತ್ತದೆ. ಆತಂಕದಲ್ಲಾದರೋ ಅಪಾಯವು ಎದುರಿಗೆ ಇಲ್ಲದಿರುವಾಗಲೇ ಈ ಸಿದ್ಧತೆಯೆಲ್ಲ ನಡೆದುಹೋಗುತ್ತದೆ. ಮಗು ನಟಿಸುತ್ತಿಲ್ಲವೆಂಬುದನ್ನು ದೊಡ್ಡವರು ಮೊದಲು ತಿಳಿಯಬೇಕು.

ಶಬ್ದದ ಭಯವು ಬೇರೊಂದು ವಸ್ತುವಿಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬ ಮನಃಶಾಸ್ತ್ರಜ್ಞರು 1920ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಹನ್ನೊಂದು ತಿಂಗಳ ಕೂಸೊಂದು ಬಿಳಿಯ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಅದರ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಕೆಲವು ಸಲ ಹೀಗಾದ ಮೇಲೆ ಇಲಿಯನ್ನು ಕಂಡರೇ ಕೂಸು ಅಳತೊಡಗಿತು. ನಮ್ಮ ಮಗುವಿಗೆ ಕರಿಯ ಮೋಡವೇ ಆ ಇಲಿ. ಭಯವನ್ನು ಕಲಿಸಿದ ಆ ಪ್ರಯೋಗಕರ್ತರು ಅದನ್ನು ಬಿಡಿಸದೆಯೇ ಕೂಸನ್ನು ಕಳುಹಿಸಿಕೊಟ್ಟರು. ಇಂದು ಇಂತಹ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡಲಾರರು, ಅದೇ ಸರಿ.

ಬಿಡಿಸುವ ದಾರಿಯನ್ನು ತೋರಿಸಿದವರು ಮೇರಿ ಕವರ್ ಜೋನ್ಸ್. ಅವರು 1924ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಸುಮಾರು ಮೂರು ವರ್ಷದ ಹುಡುಗನ ವೃತ್ತಾಂತವಿದೆ. ಹುಡುಗನು ತನಗೆ ಪ್ರಿಯವಾದ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಡುತ್ತಿದ್ದರು. ಅವನು ತಿನ್ನುವುದನ್ನು ನಿಲ್ಲಿಸದಷ್ಟು ದೂರ, ಅದೇ ಅಳತೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಪಂಜರವು ಹತ್ತಿರ ಬಂದಿತು. ಮೊಲಕ್ಕೆ ಹೆದರದ ಬೇರೆ ಮಕ್ಕಳೂ ಜೊತೆಗೆ ಆಡುತ್ತಿದ್ದರು. ಕೊನೆಗೆ ಮೊಲವು ಬೆರಳನ್ನು ಮೆಲ್ಲಗೆ ಕಚ್ಚಿದರೂ ಪೀಟರ್ ಸುಮ್ಮನಿದ್ದನು.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಮೋಡ ಕಂಡೊಡನೆ ಮಗುವನ್ನು ಒಳಕೋಣೆಗೆ ಒಯ್ದು, ಬಾಗಿಲು ಹಾಕಿ, ಕಿವಿ ಮುಚ್ಚುತ್ತೇವೆ. ಆ ಕ್ಷಣಕ್ಕೆ ಮಗುವಿಗೆ ಸಮಾಧಾನವಾಗುವುದು ನಿಜ. ಆದರೆ "ಬಚ್ಚಿಟ್ಟುಕೊಂಡುದರಿಂದ ಬದುಕಿದೆ" ಎಂಬ ಪಾಠವೂ ಅದರ ಮನಸ್ಸಿನಲ್ಲಿ ಊರುತ್ತದೆ. ಮುಂದಿನ ಮೋಡಕ್ಕೆ ಆತಂಕ ಇನ್ನಷ್ಟು ಬೇಗ ಬರುತ್ತದೆ. ಇದಕ್ಕೆ ಪ್ರತಿಯಾಗಿ, "ಇಷ್ಟಕ್ಕೆಲ್ಲ ಹೆದರುತ್ತೀಯಾ" ಎಂದು ನಗುತ್ತಾ ಮಗುವನ್ನು ಜಗಲಿಗೆ ಎಳೆದು ನಿಲ್ಲಿಸುವ ಧೀರರೂ ಇದ್ದಾರೆ. ಅದು ಪೀಟರನ ಮಡಿಲಿಗೆ ಮೊದಲ ದಿನವೇ ಮೊಲವನ್ನು ಹಾಕಿದಂತೆ.

ಇನ್ನು ಗುಡುಗಿನ ವಿಚಾರ. ಕನ್ನಡದಲ್ಲಿ ಮಿಂಚು, ಗುಡುಗು, ಸಿಡಿಲು ಎಂದು ಮೂರು ಮಾತುಗಳಿವೆ. ಹೆದರಿದ ಮಗುವಿಗೆ ಮೂರೂ ಒಂದೇ. ಮಿಂಚು ಹರಿಯುವ ಹಾದಿಯಲ್ಲಿ ಗಾಳಿಯ ಉಷ್ಣತೆಯು ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿಗೆ ಏರುತ್ತದೆ. ಸೂರ್ಯನ ಮೇಲ್ಮೈಗಿಂತ ಸುಮಾರು ಐದು ಪಟ್ಟು. ಇಷ್ಟು ಕಾದ ಗಾಳಿ ಒಮ್ಮೆಲೇ ಹಿಗ್ಗಿ ಸುತ್ತಲಿನ ಗಾಳಿಯನ್ನು ಬಡಿಯುವ ಸದ್ದೇ ಗುಡುಗು. ಮಿಂಚಿನ ಹಾದಿ ಹಲವು ಕಿಲೋಮೀಟರು ಉದ್ದವಾಗಿರಬಹುದಾದುದರಿಂದ ಅದರ ಬೇರೆ ಬೇರೆ ಭಾಗಗಳ ಸದ್ದು ಬೇರೆ ಬೇರೆ ವೇಳೆಗೆ ತಲಪುತ್ತದೆ. ಆ ಉರುಳುವ ಮೊರೆತಕ್ಕೆ ಇದೇ ಮುಖ್ಯ ಕಾರಣ. ಬೆಳಕು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ಓಡುತ್ತದೆ, ಶಬ್ದ ಸುಮಾರು 340 ಮೀಟರು ಮಾತ್ರ. ಎಂದರೆ ಕಿಲೋಮೀಟರಿಗೆ ಮೂರು ಸೆಕೆಂಡು. ಗುಡುಗು ಕೇಳುವ ಹೊತ್ತಿಗೆ ಆ ಮಿಂಚು ಮುಗಿದುಹೋಗಿರುತ್ತದೆ. ಸದ್ದು ತಾನಾಗಿ ಯಾರನ್ನೂ ಸುಡದು. ಇದು ಮಗುವಿಗೂ ಅರ್ಥವಾಗುವ ಮಾತು.

ಆರಂಭವನ್ನು ಮಳೆಯಿಲ್ಲದ ದಿನವೇ ಮಾಡಬೇಕು. ಕಾಗದದ ಚೀಲವನ್ನು ಊದಿ ಮಗುವೇ ತನ್ನ ಕೈಯಿಂದ ಒಡೆಯಲಿ. ಅದು ಕೂಡ ಒಂದು ಪುಟ್ಟ ಗುಡುಗು. ಬಳಿಕ ಫೋನಿನಲ್ಲಿ ಗುಡುಗಿನ ಧ್ವನಿಮುದ್ರಣವನ್ನು ತೀರ ಸಣ್ಣದಾಗಿ, ಮಗು ತಿಂಡಿ ತಿನ್ನುವಾಗಲೋ ಚಿತ್ರ ಬರೆಯುವಾಗಲೋ ಹಾಕಿರಿ. ಕೈ ನಿಂತರೆ ಸದ್ದನ್ನು ಇಳಿಸಿರಿ. ಕೆಲವು ದಿನಗಳಲ್ಲಿ ಏರಿಸಬಹುದು. ನಿಜವಾದ ಮಳೆಯ ದಿನ ಮನೆಯೊಳಗೆ, ಮುಚ್ಚಿದ ಕಿಟಕಿಯಿಂದ ಸ್ವಲ್ಪ ದೂರದಲ್ಲಿ ಜೊತೆಗೆ ಕುಳಿತು, ಮಿಂಚಿದೊಡನೆ "ಒಂದು ಆನೆ, ಎರಡು ಆನೆ, ಮೂರು ಆನೆ" ಎಂದು ಎಣಿಸಿರಿ. ಹೆದರಿದ ಮಗು ಅವಸರದಿಂದ ಎಣಿಸುತ್ತದೆ. ಆನೆ ಜೊತೆಗಿದ್ದರೆ ಎಣಿಕೆಯು ಸೆಕೆಂಡಿಗೆ ಒಂದರಂತೆ ನಿಧಾನವಾಗುತ್ತದೆ. ಹನ್ನೆರಡು ಆನೆಗಳಾದರೆ ನಾಲ್ಕು ಕಿಲೋಮೀಟರು. ಪುಸ್ತಕದಲ್ಲಿ ಬರೆದಿಡಲಿ. ಆನೆಗಳು ಹೆಚ್ಚುತ್ತಾ ಹೋದರೆ ಮಳೆ ದೂರ ಸರಿಯುತ್ತಿದೆ. ಎರಡು ಆನೆಗಳಿಗೇ ಗುಡುಗಿ ಮಗು ಬಂದು ಅಪ್ಪಿಕೊಂಡರೆ ಅಪ್ಪಿಕೊಳ್ಳಲಿ, ಅದೇನೂ ಪರೀಕ್ಷೆಯಲ್ಲ.

"ಏನೂ ಆಗುವುದಿಲ್ಲ" ಎಂದು ಸುಳ್ಳು ಹೇಳುವುದು ಮಾತ್ರ ಬೇಡ. ನಮ್ಮ ನಾಡಿನಲ್ಲಿ ಹೊಲದಲ್ಲಿ, ಮರದ ಕೆಳಗೆ ಸಿಡಿಲು ಬಡಿದು ಸತ್ತವರ ಸುದ್ದಿ ಪ್ರತಿ ವರ್ಷ ಬರುತ್ತದೆ. ಮಗುವಿನ ಕಿವಿಗೂ ಅದು ಬೀಳುತ್ತದೆ. ಎಣಿಕೆಯಿಂದ ರಕ್ಷಣೆಯಿಲ್ಲ, ಮನೆಯಿಂದ ಉಂಟು. ಮೂವತ್ತರೊಳಗೆ ಗುಡುಗಿದರೆ ಎಲ್ಲರೂ ಒಳಗಿರಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಹೋಗಬಾರದು, ನಲ್ಲಿಯನ್ನೂ ವಿದ್ಯುತ್ ಉಪಕರಣಗಳನ್ನೂ ಮುಟ್ಟಬಾರದು. ಈ ನಿಯಮಗಳನ್ನು ಮಗುವಿಗೇ ಒಪ್ಪಿಸಿದರೆ ಅದು ಮನೆಯವರನ್ನೆಲ್ಲ ಕಾಯುವ ಅಧಿಕಾರಿಯಾಗುತ್ತದೆ.

ಗುಡುಗುವಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. ವಿಜ್ಞಾನಿ ಮಿತ್ರರು ಕೆಲವರು ಇದನ್ನು ಕೇಳಿ ನಗುತ್ತಾರೆ, ನಾವು ನಗಲಾರೆವು. ಅದು ಸಿಡಿಲನ್ನು ತಡೆಯದು, ನಿಜ. ಆದರೆ ನಿಧಾನವಾಗಿ ಒಂದೊಂದೇ ಹೆಸರನ್ನು ಹೇಳುವಾಗ ಉಸಿರು ಉದ್ದಕ್ಕೆ ಹೊರಬೀಳುತ್ತದೆ, ನೀಳವಾದ ನಿಶ್ವಾಸದಿಂದ ಹೃದಯದ ಬಡಿತ ಇಳಿಯುತ್ತದೆ. ಪಕ್ಕದಲ್ಲಿ ಅಜ್ಜಿಯೂ ಇರುತ್ತಾಳೆ.

ಕಳವಳವು ಗುಡುಗಿಗೆ ಮಾತ್ರ ನಿಲ್ಲದೆ ತಿಂಗಳುಗಟ್ಟಲೆ ನಿದ್ರೆಯನ್ನೂ ಶಾಲೆಯನ್ನೂ ಕೆಡಿಸುತ್ತಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ.

ವಾಸಿಯಾದ ಭಯ ಮರಳಿ ಬರುವುದೂ ಉಂಟು. ಪೀಟರ್ ನಡುವೆ ಜ್ವರದಿಂದ ಎರಡು ತಿಂಗಳು ಆಸ್ಪತ್ರೆ ಸೇರಿದ್ದನು. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆರಗಿತು, ಅವನ ಹಳೆಯ ಭಯವೆಲ್ಲ ಹಿಂತಿರುಗಿತು. ತಿಂಡಿಯ ಉಪಾಯವನ್ನು ಜೋನ್ಸ್ ಹೂಡಿದುದು ಆಮೇಲೆಯೇ. ಮೇ ತಿಂಗಳಲ್ಲಿ ಆನೆಗಳನ್ನು ಎಣಿಸಿದ ಮಗು ಅಕ್ಟೋಬರಿನ ಹಿಂಗಾರು ಗುಡುಗಿಗೆ ಪುನಃ ಹೊದಿಕೆಯೊಳಗೆ ಸೇರಿಕೊಂಡರೆ ಕಾಗದದ ಚೀಲದಿಂದಲೇ ಮತ್ತೆ ತೊಡಗಿರಿ.