ಕಮಾಂಡ್ ಕೆಟ್ಟಿಲ್ಲ, ಪರದೆಯ ಮೇಲಿನ ಸಾಲು ಓದಿ

ಇಂಟರ್‌ನೆಟ್ ಕೈಕೊಟ್ಟಾಗ ವಿಂಡೋಸ್ ಬಳಸುವವರು ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಮಾಡಿ ನೋಡುತ್ತಾರೆ. ಆ ಪಿಂಗ್ ಕೂಡ ನಡೆಯದಿದ್ದರೆ ಗಾಬರಿಯಾಗುತ್ತದೆ. ‘ಕಮಾಂಡ್ ಕೆಲಸ ಮಾಡ್ತಿಲ್ಲ’ ಎಂದು ಒಂದೇ ಮಾತಲ್ಲಿ ಹೇಳಿ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ಯುತ್ತೇವೆ. ಆದರೆ ಈ ಒಂದು ದೂರಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ವಿಂಡೋಸ್‌ಗೆ ಕಮಾಂಡ್ ಸಿಗದೇ ಇರಬಹುದು, ಸಿಕ್ಕರೂ ಅದಕ್ಕೆ ಅನುಮತಿ ಇಲ್ಲದಿರಬಹುದು, ಅಥವಾ ಕಮಾಂಡ್ ಸರಿಯಾಗಿಯೇ ಓಡಿ ಆ ಕಡೆಯಿಂದ ಉತ್ತರ ಬಾರದಿರಬಹುದು. ಯಾವುದು ಎಂಬುದನ್ನು ಪರದೆ ಸ್ಪಷ್ಟವಾಗಿ ಬರೆದಿರುತ್ತದೆ. ಅದನ್ನು ಓದದೆ ಮದ್ದು ಹುಡುಕುವುದರಿಂದಲೇ ಕೆಳಗಿನ ತಪ್ಪು ಕಲ್ಪನೆಗಳು ಬೆಳೆದಿವೆ.

ತಪ್ಪು ಕಲ್ಪನೆ 1: ‘ನಾಟ್ ರೆಕಗ್ನೈಸ್ಡ್’ ಎಂದು ಬಂದರೆ ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿಸಬೇಕು.

ಸತ್ಯ: ಬಹಳ ಸಲ ಫೈಲು ಇದ್ದಲ್ಲೇ ಇರುತ್ತದೆ, ವಿಂಡೋಸ್‌ಗೆ ಅದರ ದಾರಿ ಮರೆತಿರುತ್ತದೆ. ಪಿಂಗ್, ಐಪಿಕಾನ್‌ಫಿಗ್, ಟ್ರೇಸರ್ಟ್, ನೆಟ್‌ಸ್ಟಾಟ್ ಇವೆಲ್ಲ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲಿರುವ ಪುಟ್ಟ ಪ್ರೋಗ್ರಾಂಗಳು. ಅವನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿ ‘ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿದೆ. ಜಾವಾದಂಥ ತಂತ್ರಾಂಶ ಹಾಕಿಕೊಳ್ಳುವಾಗ ಹೊಸ ದಾರಿಯನ್ನು ಸೇರಿಸುವ ಬದಲು ಹಳೆಯದೆಲ್ಲವನ್ನೂ ಅಳಿಸಿ ಬರೆದುಬಿಟ್ಟರೆ ಈ ಕಮಾಂಡ್‌ಗಳೆಲ್ಲ ಒಟ್ಟಿಗೇ ಕಾಣೆಯಾದಂತೆ ತೋರುತ್ತವೆ. ‘ಸೆಟ್‌ಎಕ್ಸ್’ ಬಳಸಿ ಪಾತ್ ಬದಲಿಸುವವರಿಗೆ ಇನ್ನೊಂದು ಅಪಾಯವಿದೆ: ಅದು 1024 ಅಕ್ಷರಗಳಾಚೆಗಿನದನ್ನು ಕತ್ತರಿಸಿಬಿಡುತ್ತದೆ.

ಪರೀಕ್ಷೆ ಸುಲಭ. ‘ಡಿಐಆರ್’, ‘ಸಿಡಿ’ ಕಮಾಂಡ್‌ಗಳು ಕಮಾಂಡ್ ಪ್ರಾಂಪ್ಟ್‌ನ ಒಳಗೇ ಇರುವುದರಿಂದ ಅವಕ್ಕೆ ಪಾತ್ ಬೇಕಿಲ್ಲ. ಅವು ನಡೆದು ಪಿಂಗ್ ಮಾತ್ರ ನಡೆಯದಿದ್ದರೆ ಸಿಸ್ಟಮ್32ರ ಪೂರ್ತಿ ವಿಳಾಸದೊಂದಿಗೆ ಪಿಂಗ್ ಟೈಪ್ ಮಾಡಿ. ಆಗ ಓಡಿದರೆ ತಪ್ಪು ಪಾತ್‌ನದು ಎಂದು ಖಚಿತ. ಸಿಸ್ಟಮ್ ವೇರಿಯಬಲ್‌ಗಳಲ್ಲಿ ಪಾತ್ ತೆರೆದು ಸಿಸ್ಟಮ್32ರ ವಿಳಾಸವನ್ನು ಮತ್ತೆ ಸೇರಿಸಿ, ಹಳೆಯ ಕಪ್ಪು ಕಿಟಕಿ ಮುಚ್ಚಿ ಹೊಸದನ್ನು ತೆರೆಯಿರಿ. ಈಗಾಗಲೇ ತೆರೆದಿರುವ ಕಿಟಕಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ. ಪೂರ್ತಿ ವಿಳಾಸ ಕೊಟ್ಟರೂ ಓಡದಿದ್ದರೆ ಮಾತ್ರ ‘ಎಸ್‌ಎಫ್‌ಸಿ’ಯ ‘ಸ್ಕ್ಯಾನ್‌ನೌ’ ಆಯ್ಕೆಯಿಂದ ಸಿಸ್ಟಮ್ ಫೈಲುಗಳನ್ನು ತಪಾಸಣೆ ಮಾಡಿಸಿ.

ತಪ್ಪು ಕಲ್ಪನೆ 2: ಟೆಲ್ನೆಟ್ ಮೊದಲು ಇತ್ತು, ಈಗ ಇಲ್ಲ, ಯಾವುದೋ ವೈರಸ್ ತಿಂದಿದೆ.

ಸತ್ಯ: ವಿಂಡೋಸ್ ವಿಸ್ಟಾ ಕಾಲದಿಂದ ಟೆಲ್ನೆಟ್ ಕ್ಲೈಂಟ್ ತಾನಾಗಿ ಚಾಲೂ ಇರುವುದಿಲ್ಲ. ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಅದಕ್ಕೆ ಟಿಕ್ ಹಾಕಿದರೆ ಬರುತ್ತದೆ. ಒಂದು ಪೋರ್ಟ್ ತೆರೆದಿದೆಯೇ ಎಂದು ನೋಡುವುದಷ್ಟೇ ಬೇಕಿದ್ದರೆ ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಸಾಕು.

ತಪ್ಪು ಕಲ್ಪನೆ 3: ನನ್ನದು ಅಡ್ಮಿನ್ ಖಾತೆ, ಅನುಮತಿಯ ಪ್ರಶ್ನೆಯೇ ಇಲ್ಲ.

ಸತ್ಯ: ಅಡ್ಮಿನ್ ಖಾತೆಯಲ್ಲಿ ತೆರೆದ ಕಮಾಂಡ್ ಪ್ರಾಂಪ್ಟ್ ಕೂಡ ಸಾಮಾನ್ಯವಾಗಿ ಕಡಿಮೆ ಅಧಿಕಾರದಲ್ಲೇ ಓಡುತ್ತದೆ. ಯಾವ ಪ್ರೋಗ್ರಾಂ ಯಾವ ಸಂಪರ್ಕ ಹಿಡಿದಿದೆ ಎಂದು ತೋರಿಸುವ ನೆಟ್‌ಸ್ಟಾಟ್‌ನ ‘ಬಿ’ ಆಯ್ಕೆ ಆಗ ‘ರಿಕ್ವಯರ್ಸ್ ಎಲಿವೇಶನ್’ ಎಂದು ಹೇಳಿ ನಿಲ್ಲುತ್ತದೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ ತೆರೆದರೆ ಅದೇ ಕಮಾಂಡ್ ನಡೆಯುತ್ತದೆ.

ತಪ್ಪು ಕಲ್ಪನೆ 4: ‘ರಿಕ್ವೆಸ್ಟ್ ಟೈಮ್ಡ್ ಔಟ್’ ಅಂದರೆ ಆ ಕಡೆಯ ಕಂಪ್ಯೂಟರ್ ಸತ್ತಿದೆ.

ಸತ್ಯ: ಇಲ್ಲಿ ಪಿಂಗ್ ತನ್ನ ಕೆಲಸ ಮುಗಿಸಿದೆ, ಉತ್ತರ ಮಾತ್ರ ಬಂದಿಲ್ಲ. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಪಿಂಗ್ ಬರೆದರು. ಅದು ಐಸಿಎಂಪಿ ಎಂಬ ನಿಯಮದ ಪ್ರಕಾರ ‘ಇದ್ದೀಯಾ’ ಎಂದು ಕೇಳುತ್ತದೆ. ಅನೇಕ ಸರ್ವರ್‌ಗಳ ಫೈರ್‌ವಾಲ್ ಈ ಪ್ರಶ್ನೆಯನ್ನೇ ತಡೆಯುತ್ತದೆ, ವೆಬ್‌ಸೈಟ್ ಮಾತ್ರ ಚೆನ್ನಾಗಿಯೇ ತೆರೆಯುತ್ತದೆ. ಟ್ರೇಸರ್ಟ್‌ನ ಮಧ್ಯೆ ಕಾಣುವ ನಕ್ಷತ್ರ ಚಿಹ್ನೆಗಳೂ ಹೀಗೆಯೇ. ದಾರಿಯಲ್ಲಿರುವ ಆ ರೂಟರ್ ಉತ್ತರ ಕೊಡುತ್ತಿಲ್ಲ ಅಷ್ಟೇ. ಅದರ ಮುಂದಿನ ಸಾಲುಗಳು ಬರುತ್ತಿದ್ದರೆ ದಾರಿ ತೆರೆದೇ ಇದೆ.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬ ಉತ್ತರ ಬಂದರೂ ಅದನ್ನು ವಿಂಡೋಸ್ ‘ಬಂದ ಉತ್ತರ’ ಎಂದೇ ಲೆಕ್ಕ ಹಾಕಿ ಕೊನೆಯಲ್ಲಿ ನಷ್ಟ 0% ಎಂದು ತೋರಿಸಬಹುದು. ಆದ್ದರಿಂದ ಕೊನೆಯ ಲೆಕ್ಕವೊಂದನ್ನೇ ನಂಬದೆ ಪ್ರತಿ ಸಾಲನ್ನೂ ಓದಬೇಕು.

ತಪ್ಪು ಕಲ್ಪನೆ 5: 127.0.0.1ಕ್ಕೆ ಪಿಂಗ್ ಹೋದರೆ ನೆಟ್‌ವರ್ಕ್ ಕಾರ್ಡ್ ಸರಿಯಿದೆ.

ಸತ್ಯ: ಆ ಪಿಂಗ್ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಕೇಬಲ್ ಕಿತ್ತಿಟ್ಟು ವೈಫೈ ಆಫ್ ಮಾಡಿದರೂ ಉತ್ತರ ಬರುತ್ತದೆ. ಕಾರ್ಡಿನ ಸ್ಥಿತಿ ತಿಳಿಯಲು ಐಪಿಕಾನ್‌ಫಿಗ್ ನೋಡಿ. ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ವಿಂಡೋಸ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್, ವೈಫೈ, ರೂಟರ್‌ಗಳನ್ನು ಮೊದಲು ನೋಡಬೇಕು. ವಿಳಾಸ ಸರಿಯಿದ್ದರೆ ಗೇಟ್‌ವೇಗೆ, ಅಂದರೆ ನಿಮ್ಮ ರೂಟರಿಗೆ, ಪಿಂಗ್ ಮಾಡಿ ನೋಡಿ.

ತಪ್ಪು ಕಲ್ಪನೆ 6: ಎನ್‌ಎಸ್‌ಲುಕಪ್ ಸರಿಯಾದ ವಿಳಾಸ ಕೊಟ್ಟಿತು, ಆದ್ದರಿಂದ ಕೆಟ್ಟಿರುವುದು ಪಿಂಗ್.

ಸತ್ಯ: ಎರಡೂ ಹೆಸರನ್ನು ಬೇರೆ ಬೇರೆ ದಾರಿಯಲ್ಲಿ ಹುಡುಕುತ್ತವೆ. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಪಿಂಗ್ ಮಾತ್ರ ಬ್ರೌಸರಿನಂತೆ ವಿಂಡೋಸ್‌ನ ಹೋಸ್ಟ್ಸ್ ಫೈಲು ಮತ್ತು ನೆನಪಿಟ್ಟುಕೊಂಡ ಹಳೆಯ ಉತ್ತರಗಳನ್ನೂ ನಂಬುತ್ತದೆ. ಆದ್ದರಿಂದ ಎರಡೂ ಬೇರೆ ವಿಳಾಸ ತೋರಿಸಿದರೆ ಐಪಿಕಾನ್‌ಫಿಗ್‌ನ ‘ಫ್ಲಶ್‌ಡಿಎನ್‌ಎಸ್’ ಬಳಸಿ, ಹೋಸ್ಟ್ಸ್ ಫೈಲಿನಲ್ಲಿ ಆ ಹೆಸರು ಇದೆಯೇ ನೋಡಿ.

ತಪ್ಪು ಕಲ್ಪನೆ 7: ‘ನೆಟ್‌ಶೆಲ್’ ರೀಸೆಟ್ ಕಮಾಂಡ್‌ಗಳು ಎಲ್ಲ ಕಾಯಿಲೆಗೂ ಮದ್ದು.

ಸತ್ಯ: ವಿನ್‌ಸಾಕ್ ರೀಸೆಟ್ ಮಾಡಿದರೆ ಪಾತ್ ಸರಿಹೋಗುವುದಿಲ್ಲ, ಎದುರಿನ ಫೈರ್‌ವಾಲ್ ತೆರೆಯುವುದಿಲ್ಲ. ಐಪಿ ರೀಸೆಟ್ ಮಾಡಿದರೆ ಕೈಯಾರೆ ಕೊಟ್ಟಿದ್ದ ಸ್ಥಿರ ಐಪಿ ವಿಳಾಸ ಅಳಿಸಿಹೋಗಬಹುದು. ಕಚೇರಿಯ ಪ್ರಿಂಟರ್, ಸರ್ವರ್‌ಗಳ ಸಂಪರ್ಕ ಅದನ್ನೇ ನಂಬಿದ್ದರೆ ಒಂದು ತೊಂದರೆ ಎರಡಾಗುತ್ತದೆ. ಈಗಿನ ಐಪಿ ವಿವರ ಬರೆದಿಟ್ಟುಕೊಂಡು, ಬೇರೆ ಕಾರಣಗಳೆಲ್ಲ ಇಲ್ಲವೆಂದಾದ ಮೇಲೆ ಇದಕ್ಕೆ ಕೈಹಾಕಿ.

ಇಷ್ಟರಲ್ಲಿ ಯಾವುದಕ್ಕೂ ಹೊಸ ಓಎಸ್ ಬೇಕಾಗಲಿಲ್ಲ. ಫಾರ್ಮ್ಯಾಟ್ ಮಾಡಿಸಿದರೆ ಫೋಟೊ, ಕಡತ, ದುಡ್ಡು ಮೂರೂ ಹೋಗುವ ಅಪಾಯವಿದೆ. ಹಾಗಾಗಿ ಸಹಾಯ ಕೇಳುವಾಗ ‘ನಡೀತಿಲ್ಲ’ ಎಂದಷ್ಟೇ ಹೇಳಬೇಡಿ. ಟೈಪ್ ಮಾಡಿದ ಸಾಲು, ಅದಕ್ಕೆ ಬಂದ ಉತ್ತರ ಎರಡನ್ನೂ ಇದ್ದಂತೆಯೇ ಬರೆದುಕೊಡಿ. ತಿಳಿದವರು ಅದನ್ನು ನೋಡಿ ಮೂರರಲ್ಲಿ ಯಾವ ತೊಂದರೆ ಎಂದು ಬೇಗ ಹೇಳಬಲ್ಲರು, ನೀವೂ ಹೇಳಬಲ್ಲಿರಿ.