ದೂರಕ್ಕೆ ನೂಲು, ಸಮಯಕ್ಕೆ ಒಂದೇ ಗಡಿಯಾರ

ತರಗತಿಯ ಗೋಡೆಯಲ್ಲಿರುವ ಪ್ರಪಂಚ ಭೂಪಟದ ಮೇಲೆ ಬೆಂಗಳೂರಿನಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಡಿಸಿ, ಒಂದು ಗೆರೆ ಎಳೆಸಿ. ಗೆರೆ ಅರಬ್ಬೀ ಸಮುದ್ರ, ಸಹಾರಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. "ಇದೇ ಹತ್ತಿರದ ದಾರಿ" ಅಂತಾರೆ ಮಕ್ಕಳು. ವಿಮಾನ ಆ ಗೆರೆಯ ಮೇಲೇ ಹಾರಿದರೆ ಸುಮಾರು 20,000 ಕಿ.ಮೀ. ಆದರೆ ಈ ಎರಡು ನಿಲ್ದಾಣಗಳ ನಡುವಿನ ಕನಿಷ್ಠ ದೂರ ಸುಮಾರು 14,000 ಕಿ.ಮೀ. ಅಷ್ಟೇ!

ಈಗ ಗ್ಲೋಬ್ ತನ್ನಿ. ಎರಡು ಊರುಗಳ ಮೇಲೆ ನೂಲಿನ ತುದಿಗಳನ್ನಿಟ್ಟು ಬಿಗಿಯಾಗಿ ಎಳೆಯಿರಿ. ನೂಲು ತಾನಾಗಿಯೇ ಉತ್ತರಕ್ಕೆ ಸರಿದು ಚೀನಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹಾದು ನಿಲ್ಲುತ್ತದೆ. ಇದೇ ಮಹಾವೃತ್ತದ ದಾರಿ. 30 ಸೆಂ.ಮೀ. ವ್ಯಾಸದ ಗ್ಲೋಬ್‌ನ ಸುತ್ತಳತೆ ಸುಮಾರು 94 ಸೆಂ.ಮೀ.; ಭೂಮಿಯದು 40,000 ಕಿ.ಮೀ. ಅಂದರೆ 1 ಸೆಂ.ಮೀ.ಗೆ ಸುಮಾರು 425 ಕಿ.ಮೀ. ನೂಲು ಸುಮಾರು 33 ಸೆಂ.ಮೀ. ಬರುತ್ತದೆ. ಗುಣಿಸಿ ನೋಡಿ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ವಿಮಾನ ಆರಂಭಿಸಿದಾಗ, ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವ ಪ್ರದೇಶದ ಮೇಲಿನಿಂದಲೇ ಬೆಂಗಳೂರಿಗೆ ಬಂದಿಳಿಯಿತು. ಆ ವಿಮಾನ ಹೊರಟದ್ದು 9ನೇ ತಾರೀಕು ಶನಿವಾರ ರಾತ್ರಿ, ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಹಾಗಾದರೆ ಭಾನುವಾರ ಪೂರ್ತಿ ಆಕಾಶದಲ್ಲೇ ಇತ್ತಾ?

ಇಲ್ಲೇ ಮಕ್ಕಳು ಎಡವುವುದು. ರಾತ್ರಿ 8.30ಕ್ಕೆ ಹೊರಟು 17 ಗಂಟೆ ಹಾರಿತು ಎಂದಿಟ್ಟುಕೊಳ್ಳಿ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ 13.30 ಗಂಟೆ ಮುಂದು. ಹೊರಡುವಾಗಲೇ ಇಲ್ಲಿ ಭಾನುವಾರ ಬೆಳಿಗ್ಗೆ 10. ಇಳಿಯುವಾಗ ಸೋಮವಾರ ಬೆಳಗಿನ ಜಾವ 3. ಇಲ್ಲಿನ ಗಡಿಯಾರದಿಂದ ಅಲ್ಲಿನದನ್ನು ಸುಮ್ಮನೆ ಕಳೆದರೆ ಪ್ರಯಾಣ 30.30 ಗಂಟೆ, ವೇಗ ಸುಮಾರು 460 ಕಿ.ಮೀ.

ವಾಪಸು ಹೋಗುವ ಲೆಕ್ಕ ಇನ್ನೂ ತಮಾಷೆ. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ 5. ಎರಡೂವರೆ ಗಂಟೆಯಲ್ಲಿ 14,000 ಕಿ.ಮೀ. ಎಂದರೆ ಶಬ್ದದ ವೇಗದ ನಾಲ್ಕೂವರೆ ಪಟ್ಟು! ಸೂತ್ರ ಸರಿಯಾಗಿಯೇ ಇದೆ, ಅದಕ್ಕೆ ಕೊಟ್ಟ ಸಮಯ ಮಾತ್ರ ತಪ್ಪು. ಕಳೆಯುವ ಮೊದಲು ಎರಡೂ ಸಮಯಗಳನ್ನು ಒಂದೇ ಊರಿನ ಗಡಿಯಾರಕ್ಕೆ ತರಬೇಕು.

ಇನ್ನು ಗಾಳಿ. ಗಾಳಿಗೆ ಹೋಲಿಸಿದರೆ ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ದಾರಿಯುದ್ದಕ್ಕೂ 100 ಕಿ.ಮೀ. ವೇಗದ ಹಿಂಗಾಳಿ ಸಿಕ್ಕರೆ 14 ಗಂಟೆ ಸಾಕು, ಎದುರುಗಾಳಿಯಾದರೆ ಹದಿನೇಳೂವರೆ. ಅದಕ್ಕೇ ಪೈಲಟ್‌ಗಳು ಕೆಲವು ಸಲ ನೂಲಿನ ದಾರಿ ಬಿಟ್ಟು, ಗಾಳಿ ಅನುಕೂಲವಿರುವ ಉದ್ದದ ದಾರಿ ಹಿಡಿಯುತ್ತಾರೆ.

ನಮ್ಮ ಶಾಲೆಗಳಲ್ಲಿ ಮಾವನೋ ಅಣ್ಣನೋ ಗಲ್ಫ್‌ನಲ್ಲಿರುವ ಮಕ್ಕಳಿಗೇನು ಕಮ್ಮಿಯಿಲ್ಲ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಮನೆಯಲ್ಲಿರುವ ಹಳೆಯ ಟಿಕೆಟ್ ನೋಡಿ ಹೋಗುವ, ಬರುವ ಸಮಯ ಬರೆದುಕೊಂಡು ಬರಲು ಹೇಳಿ. ಹೋಗುವಾಗ ಪ್ರಯಾಣ ಚಿಕ್ಕದು, ಬರುವಾಗ ದೊಡ್ಡದು ಎಂದು ಕಾಣುವುದೇಕೆ ಎಂಬುದನ್ನು ಅವರೇ ಬಿಡಿಸಲಿ.