ಹುಲ್ಲುಕಡ್ಡಿಯ ಮುಂದೆ ಸೋತ ಅಗ್ನಿ

ಅಗ್ನಿಯ ಕೈಲಿ ಒಂದು ಹುಲ್ಲುಕಡ್ಡಿ ಸುಡಲಾಗಲಿಲ್ಲ! ಭೂಮಿಯ ಮೇಲಿರುವುದನ್ನೆಲ್ಲ ಸುಟ್ಟುಬಿಡಬಲ್ಲೆ ಎಂದವನು, ಇದ್ದ ಬಲವನ್ನೆಲ್ಲ ಹಾಕಿ ಮೇಲೆರಗಿದ. ಕಡ್ಡಿ ಹಾಗೇ ಇತ್ತು. ಆಮೇಲೆ ವಾಯು ಹೋದ. ಅದೇ ಜಂಬ, ಅದೇ ಕಡ್ಡಿ, ಅದೇ ಪೆಚ್ಚುಮೋರೆ.

ಸಾಮವೇದಕ್ಕೆ ಸೇರಿದ ಕೇನೋಪನಿಷತ್ತಿನ ಮೂರನೇ ಖಂಡದಲ್ಲಿ ಬರುವ ಕಥೆ ಇದು. ಇಡೀ ಉಪನಿಷತ್ತೇ ನಾಲ್ಕು ಖಂಡ. ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು. ಅಷ್ಟು ಪುಟ್ಟದಕ್ಕೆ ಶಂಕರರ ಹೆಸರಿನಲ್ಲಿ ಎರಡೆರಡು ಭಾಷ್ಯ! ನಮ್ಮ ಪಾಜಕದ ಮಧ್ವರದೂ ಒಂದು ಭಾಷ್ಯವಿದೆ.

ಅಸುರರ ಮೇಲೆ ಗೆಲುವು ದೊರೆತದ್ದು ಬ್ರಹ್ಮದ ಬಲದಿಂದ. ದೇವತೆಗಳು ಮಾತ್ರ ಅದು ತಮ್ಮದೇ ಪ್ರತಾಪವೆಂದು ಬೀಗಿದರು. ಆಗ ಎದುರಿಗೆ ಬಂದು ನಿಂತಿತು ಒಂದು ಯಕ್ಷ. ಯಾರೆಂದು ಒಬ್ಬರಿಗೂ ಗುರುತಾಗಲಿಲ್ಲ. ತಿಳಿದುಬರಲು ಹೋದ ಅಗ್ನಿ, ವಾಯುಗಳ ಮುಂದೆ ಆ ಕಡ್ಡಿಯನ್ನು ಇಟ್ಟದ್ದು ಈ ಯಕ್ಷವೇ.

ಆದರೆ ಈ ಕಥೆ ಇಲ್ಲಿಗೇಕೆ ಬಂತು? ಉಪನಿಷತ್ತು ಶುರುವಾಗುವುದೇ ಬೇರೆ ಪ್ರಶ್ನೆಯಿಂದ: ಮನಸ್ಸನ್ನು ಓಡಿಸುವವರು ಯಾರು, ಉಸಿರನ್ನು ಆಡಿಸುವವರು ಯಾರು? ಇದರ ಪಕ್ಕದಲ್ಲಿ ಐತರೇಯೋಪನಿಷತ್ತನ್ನು ತೆರೆದಿಟ್ಟು ನೋಡಿ, ಮೈ ಜುಮ್ಮೆನ್ನುತ್ತದೆ! ಅಗ್ನಿ ಮಾತಾಗಿ ಬಾಯಿಯನ್ನು ಹೊಕ್ಕ, ವಾಯು ಪ್ರಾಣವಾಗಿ ಮೂಗನ್ನು ಹೊಕ್ಕ ಎನ್ನುತ್ತದೆ ಅದು. ಅಂದರೆ ಆ ಕಡ್ಡಿ ಬಿದ್ದಿರುವುದು ನಮ್ಮೊಳಗೇ! 'ನಾನು ಮಾಡಿದೆ' ಎನ್ನುವ ಬಾಯಿಗೆ, ಅದನ್ನು ಹೇಳಲು ಬೇಕಾದ ಉಸಿರಿಗೆ, ಒಳಗಿರುವ ಇನ್ನೊಂದು ಕೊಟ್ಟ ಪರೀಕ್ಷೆ ಅದು. ನನಗಂತೂ ಕಥೆ ಹಾಗೇ ತೆರೆದುಕೊಂಡಿತು.

ಇನ್ನು ಇಂದ್ರನ ಸರದಿ. ದೇವರಾಜನಿಗೆ ಇನ್ನೂ ಕಠಿಣ ಪರೀಕ್ಷೆ ಕಾದಿರಬೇಕು ಎಂದುಕೊಳ್ಳುತ್ತೇವೆ, ಅಲ್ಲವೇ? ಅವನಿಗೆ ಕಡ್ಡಿಯನ್ನೂ ತೋರಿಸಲಿಲ್ಲ! ಒಂದು ಮಾತೂ ಆಡದೆ ಯಕ್ಷ ಮಾಯವಾಯಿತು. ಸೋಲುವ ಅವಕಾಶವೂ ಇಲ್ಲದ ಸೋಲು. ಅಗ್ನಿ, ವಾಯು ಇಬ್ಬರೂ 'ತಿಳಿಯಲಾಗಲಿಲ್ಲ' ಎಂದು ಹಿಂತಿರುಗಿದ್ದರು. ಇಂದ್ರ ತಿರುಗಲಿಲ್ಲ, ಅದೇನೆಂದು ಧ್ಯಾನಿಸುತ್ತ ಅಲ್ಲೇ ನಿಂತ ಎನ್ನುತ್ತಾರೆ ಶಂಕರರು. ಯಕ್ಷ ಮರೆಯಾದ ಅದೇ ಆಕಾಶದಲ್ಲಿ ಹೈಮವತಿ ಉಮೆ ಕಾಣಿಸಿಕೊಂಡಳು. ಆ ಯಕ್ಷವೇ ಬ್ರಹ್ಮವೆಂದು ಅವಳನ್ನು ಕೇಳಿಯೇ ಅವನು ತಿಳಿದ.

ಗಮನಿಸಿದಿರಾ? ಇಂದ್ರ ಅಡ್ಡಬೀಳಲಿಲ್ಲ, ಕಣ್ಣೀರಿಡಲಿಲ್ಲ, ಸ್ತೋತ್ರ ಹಾಡಲಿಲ್ಲ. ಗೊತ್ತಿಲ್ಲ ಎಂಬುದನ್ನು ಹೊತ್ತುಕೊಂಡು ನಿಂತ, ಕೇಳಿದ. ಶರಣಾಗತಿಯ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಆಡಂಬರವಿಲ್ಲದ್ದು ಇನ್ನೊಂದಿಲ್ಲ. ಸೋತುಬಂದ ಇಬ್ಬರನ್ನೂ ಉಪನಿಷತ್ತು ಹಳಿಯುವುದಿಲ್ಲ. ಬ್ರಹ್ಮದ ಅಷ್ಟು ಹತ್ತಿರ ಹೋಗಿ ಬಂದವರೆಂದು ಉಳಿದ ದೇವತೆಗಳಿಗಿಂತ ಮೇಲಿನ ಸ್ಥಾನ ಕೊಡುತ್ತದೆ. ಎಂಥ ದೊಡ್ಡ ಮನಸ್ಸು!

ಓದುವಾಗ ಒಂದು ಎಚ್ಚರವಿರಲಿ. ಮೂರನೇ ಖಂಡದ 12 ಮಂತ್ರ ಮುಗಿಯಿತೆಂದು ಪುಸ್ತಕ ಮುಚ್ಚಬೇಡಿ. ಅದು ಇಂದ್ರನ ಪ್ರಶ್ನೆಗೇ ನಿಲ್ಲುತ್ತದೆ. ಉಮೆಯ ಉತ್ತರವಿರುವುದು ನಾಲ್ಕನೆಯದರ ಮೊದಲ ಮಂತ್ರದಲ್ಲಿ.